ಹೊಳಿ ನಡುವಿನ ಊರಾಗ ಬ್ಯಾಟರಿ ಸೈಕಲ್ಲು

ಐವತ್ತು ದಾಟಿದ ಹೆಣ್ಮಕ್ಕಳು ಸೈಕಲ್ ಹೊಡದ್ರ ನಗೋ ಮಂದಿ ಇನ್ನೂ ಇದ್ದಾರ. ಅದೂ ಮೋಟರ್ ಇರೋ ಸೈಕಲ್ ಅಂದ್ರಂತೂ ಎರಡು ಥರಾ ನಗ್ತಾರ. ಒಂದು, "ಈ ವಯಸ್ಸಿನ್ಯಾಗ ಇದೇನ್ರೀ ಹೊಸಾ ಹುಚ್ಚು?" ಇನ್ನೊಂದು, "ಮೋಟರ್ ಹಚ್ಚಿದ ಮ್ಯಾಲ ಅದೆಂಥಾ ಸೈಕಲ್ಲು, ಸುಮ್ನ ಸ್ಕೂಟಿ ಹೊಡೀರಲ್ಲ." ಈ ಎರಡೂ ಮಾತಿಗೆ ನನ್ನ ಹತ್ರ ಉತ್ತರ ಅದ. ಮೂರನೇ ಮಾತೊಂದು ಅದ, ಅದನ್ನ ಯಾರೂ ಕೇಳಿಲ್ಲ, ಆದ್ರೂ ಹೇಳೂದದ.

ಗೋವಾದಾಗ ಮಾಂಡವಿ ಹೊಳಿ ನಡುವ ದಿವಾರ್ ಅಂತ ಒಂದು ನಡುಗಡ್ಡಿ ಅದ. ಕೊಂಕಣಿ ಮಂದಿ ದಿವಾಡಿ ಅಂತಾರ, ಹಳೇ ಹೆಸರು ದೀಪವತಿ. ಹಳೇ ಗೋವಾದ ದೊಡ್ಡ ದೊಡ್ಡ ಚರ್ಚು ನೋಡಿ ಬಂದವ್ರೆಲ್ಲಾ ಅದರ ಎದುರಿಗೇ ನಿಂತು ಬಂದಿರ್ತೀರಿ. ಹೊಳಿ ಆಚೆ ದಂಡಿಗೆ ಹಸರು ಕಾಣ್ತದಲ್ಲ, ಅದ ದಿವಾರ್. ಅಲ್ಲೆ ಗೈಡ್ ಸಂಗಾಟ ಬ್ಯಾಟರಿ ಸೈಕಲ್ ಮ್ಯಾಲ ಊರು ತೋರಸ್ತಾರ. ಹೋದ ಚಳಿಗಾಲದಾಗ ನಮ್ಮ ಓಣಿಯ ನಾಕು ಮಂದಿ ಹೆಣ್ಮಕ್ಕಳು ಹೋಗಿ ಬಂದ್ವಿ. ಎಲ್ಲಾರೂ ಐವತ್ತರ ಮ್ಯಾಲಿನವ್ರು, ಒಬ್ಬಾಕಿಗೆ ಅರವತ್ತೊಂದು. ನಾಕೂ ಮಂದಿಗೆ ಮೊಣಕಾಲಿಂದೊಂದು ಕಥಿ ಅದ, ಅದನ್ನ ಇಲ್ಲೆ ಹೇಳೂದಿಲ್ಲ, ಬಿಡ್ರಿ.

ಮೊದಲನೇ ಮಾತಿಗೆ ಉತ್ತರ ಹೇಳ್ತೀನಿ. ಸೈಕಲ್ ನಮಗ ಹೊಸಾದೇನಲ್ಲ. ನಮ್ಮ ಕಾಲಕ್ಕ ಧಾರವಾಡದಾಗ ಹುಡುಗ್ಯಾರು ಕಾಲೇಜಿಗೆ ಸೈಕಲ್ ಮ್ಯಾಲ ಹೋಗೂದು ಸಾದಾ ಸಂಗತಿ ಇತ್ತು. ಈ ಊರಂದ್ರ ಬರೇ ಏರು ಇಳಿವು. ಮಾಳಮಡ್ಡಿ ಏರು ಬಂತಂದ್ರ ಇಳದು ನೂಕ್ಕೊಂಡು ಹೋಗೂದು, ಇಳಿವಿನ್ಯಾಗ ಚುನ್ನಿ ಕಟ್ಟಿಕೊಂಡು ಬ್ರೇಕ್ ಬಿಡೂದು. ಪಿಯುಸಿ ಆತು, ಲಗ್ನ ಆತು, ಸೈಕಲ್ ತಮ್ಮನ ಪಾಲಿಗೆ ಹೋತು. ಅಲ್ಲಿಂದ ಮುಂದ ಮೂವತ್ತು ವರ್ಷ ಯಾರದರೆ ಗಾಡಿ ಹಿಂದ ಒಂದ ಕಡೆ ಕಾಲು ಇಳಿಬಿಟ್ಟು ಕೂಡೂದು. ಹಿಂದಿನ ಸೀಟಿನ್ಯಾಗ ಕೂತವ್ರಿಗೆ ದಾರಿ ಯಾವತ್ತೂ ಪೂರಾ ಕಾಣೂದಿಲ್ಲ. ಒಂದು ಬದಿ ಕಾಣ್ತದ, ಮುಂದಿನವ್ರ ಬೆನ್ನು ಕಾಣ್ತದ. ನಿಲ್ಲಸ್ರಿ ಅಂದ್ರ ನಿಲ್ಲಸೂದ್ರೊಳಗ ನೋಡೂದು ಹಿಂದ ಹೋಗಿರ್ತದ. ನಮ್ಮಂಥಾ ಎಷ್ಟೋ ಹೆಣ್ಮಕ್ಕಳದು ಇದ ಕಥಿ. ಹಂಗಾಗಿ ಇದು ಹೊಸಾ ಹುಚ್ಚಲ್ಲ, ಹಳೇದು. ನಡುವ ಬಿಟ್ಟು ಹೋಗಿದ್ದು ಈಗ ಮೋಟರಿನ ಪುಣ್ಯಾದಿಂದ ಮತ್ತ ಸಿಕ್ಕದ, ಅಷ್ಟ.

ಎರಡನೇ ಮಾತು, ಸ್ಕೂಟಿ ಯಾಕ ಹೊಡೀಬಾರದು ಅನ್ನೂದು. ಇದಕ್ಕ ಈ ಸೈಕಲ್ ಹೆಂಗ ನಡೀತದಂತ ಹೇಳಿದ್ರ ತಾನ ತಿಳೀತದ. ಇದರಾಗ ಮೋಟರ್ ಚಕ್ರದ ನಡುವಿನ ಗುಂಬದಾಗ ಇರ್ತದ, ಬ್ಯಾಟರಿ ಸೀಟಿನ ಕೆಳಗರೆ ಪೈಪಿನೊಳಗರೆ. ಪೆಡಲ್ ಹತ್ರ ಒಂದು ಸಣ್ಣ ಸೆನ್ಸರ್. ನೀವು ಪೆಡಲ್ ತುಳದ್ರ ಮಾತ್ರ ಅದಕ್ಕ ಗೊತ್ತಾಗಿ ಮೋಟರ್ ಹಿಂದಿಂದ ಕೈ ಹಚ್ಚಿ ನೂಕಿದಂಗ ನೂಕ್ತದ. ತುಳಿಯೂದು ಬಿಟ್ರ ಅದೂ ಬಿಡ್ತದ. ಬ್ರೇಕ್ ಹಿಡದ್ರಂತೂ ತಟಕ್ಕನ ಮೋಟರ್ ಬಂದ್. ಎಷ್ಟು ನೂಕಬೇಕಂತ ಹ್ಯಾಂಡಲ್ ಮ್ಯಾಲಿನ ಗುಂಡಿ ಒತ್ತಿ ಒಂದು, ಎರಡು, ಮೂರು ಅಂತ ಹೇಳಬಹುದು. ಸಣ್ಣವ್ರಿದ್ದಾಗ ಸೈಕಲ್ ಕಲೀವಾಗ ಅಪ್ಪ ಹಿಂದ ಸೀಟು ಹಿಡಕೊಂಡು ಓಡಿ ಬರ್ತಿದ್ದನಲ್ಲ, ಹಂಗ. ಏರಿನ್ಯಾಗ ಅಪ್ಪ ಜೋರು ನೂಕ್ತಾನ, ಸಪಾಟ ರಸ್ತಾದಾಗ ಕೈ ಬಿಡ್ತಾನ. ಕೆಲವಕ್ಕ ಸ್ಕೂಟಿ ಹಂಗ ತಿರುವೋ ಹಿಡಿಕಿನೂ ಇರ್ತದ, ಅದನ್ನ ನಾವು ಮುಟ್ಟಲಿಲ್ಲ. ನಮ್ಮ ದೇಶದ ಕಾಯ್ದೆ ಪ್ರಕಾರ ಮೋಟರಿನ ಶಕ್ತಿ 250 ವ್ಯಾಟ್ ಮೀರದ, ತಾಸಿಗೆ 25 ಕಿಲೋಮೀಟರ್ ಮೀರಿ ಓಡದ ಇಂಥಾ ಗಾಡಿಗೆ ಲೈಸೆನ್ಸೂ ಬೇಕಿಲ್ಲ, ನೋಂದಣೀನೂ ಬೇಕಿಲ್ಲ.

ಅಂದ್ರ ಕೆಲಸ ನಮ್ಮ ಕಾಲೇ ಮಾಡ್ತಾವ, ಆದ್ರ ಅಳೂದಿಲ್ಲ. ಸ್ಕೂಟಿ ಮ್ಯಾಲ ಕೂತ್ರ ಮೈ ಸುಮ್ನ ಕೂತಿರ್ತದ, ಕಿವಿಯೊಳಗ ಅದರದ ಆವಾಜು. ಸೈಕಲ್ ಮ್ಯಾಲ ಪಕ್ಷಿ ಕೂಗಿದ್ದು ಕೇಳಸ್ತದ, ಯಾರದೋ ಮನ್ಯಾಗ ಕುಕ್ಕರ್ ಸೀಟಿ ಹೊಡದದ್ದು ಕೇಳಸ್ತದ, ಒಗ್ಗರಣಿ ವಾಸನಿ ಬರ್ತದ, ತೆಂಗಿನೆಣ್ಣಿದು ಅಂತ ತಿಳೀತದ. ನಡಕೊಂಡು ಹೋದ್ರ ಇನ್ನೂ ಛಲೋ ಅಂತೀರೇನು? ಖರೆ, ಆದ್ರ ನಮ್ಮ ಕಾಲಿಗೆ ಹತ್ತು ಹನ್ನೆರಡು ಕಿಲೋಮೀಟರ್ ಬಿಸಲಾಗ ನಡಿಯೂದಾಗೂದಿಲ್ಲ. ಊರು ಕಾಣೂವಷ್ಟು ಸಾವಕಾಶ, ಊರು ಮುಗಿಯೂವಷ್ಟು ಜೋರು, ಇವೆರಡರ ನಡುವಿನ ವೇಗ ಇದೊಂದಕ್ಕ ಅದ.

ಈಗ ದಿವಾರಿಗೆ ಬರೂಣು. ಧಾರವಾಡದಿಂದ ಅಳ್ನಾವರ, ರಾಮನಗರ ದಾಟಿ ಅನಮೋಡ ಘಟ್ಟ ಇಳದು ಹೋಗೋ ದಾರಿ ನಿಮಗ ಗೊತ್ತದ. ಹಳೇ ಗೋವಾದಾಗ ವೈಸ್‌ರಾಯ್ ಕಮಾನು ಅಂತ ಒಂದು ಕಲ್ಲಿನ ಬಾಗಲಾ ಅದ, ಅದರೊಳಗಿಂದ ಇಳದು ಹೋದ್ರ ಫೆರಿ ದಂಡಿ. ಕಬ್ಬಿಣದ ಚಪ್ಪಟಿ ಹಡಗು, ಮುಂದ ಹಲಗಿ ಇಳಿಬಿಡ್ತಾರ, ಮಂದಿ, ಗಾಡಿ, ಮೀನಬುಟ್ಟಿ ಎಲ್ಲಾ ಒಂದಕ್ಕೊಂದು ತಿಕ್ಕಾಡಿ ನಿಲ್ತಾವ. ನಡಕೊಂಡು ಹತ್ತಿದವ್ರಿಗೆ ರೊಕ್ಕ ಇಲ್ಲ. ಐದು ನಿಮಿಷದ ಮಾತು, ಆಚೆ ದಂಡಿ. ದಿವಾರಿಗೆ ಸುತ್ತಲಿಂದನೂ ಹಿಂಗ ಫೆರಿ ಹತ್ತೇ ಬರಬೇಕು. ಹಳೇ ಗೋವಾ ಒಂದು ಕಡೆ, ರಿಬಂದರ್ ಇನ್ನೊಂದು ಕಡೆ, ಆ ಬಾಜೂ ನಾರ್ವೆ. ಹಂಗಾಗಿ ರಸ್ತಾದ ಮ್ಯಾಲ ಲಾರಿ ಗದ್ದಲ ಕಡಿಮಿ. ಮೂವತ್ತು ವರ್ಷ ಬಿಟ್ಟು ಸೈಕಲ್ ಹತ್ತೋರಿಗೆ ಇದಕ್ಕಿಂತ ಛಲೋ ಜಾಗಾ ಸಿಗೂದಿಲ್ಲ.

ಇಳದ ಮ್ಯಾಲ ರಸ್ತಾ ನೆಟ್ಟಗ ದಾರ ಜಗ್ಗಿದಂಗ ಹೋಗ್ತದ. ಎರಡೂ ಕಡೆ ನೀರು ನಿಂತ ಹೊಲ, ಅದರಾಚೆ ಕಾಂಡ್ಲಾ ಗಿಡ, ಬೆಳ್ಳಕ್ಕಿ. ಮೊದಲ ಹತ್ತು ನಿಮಿಷ ನಮ್ಮ ನಾಕೂ ಮಂದಿ ಕಣ್ಣು ಹ್ಯಾಂಡಲ್ ಬಿಟ್ಟು ಮ್ಯಾಲ ಎದ್ದಿಲ್ಲ, ಯಾಕಂದ್ರ ಈ ಸೈಕಲ್ಲಿಂದೊಂದು ಗುಣ ಅದ, ಅದನ್ನ ಮೊದಲ ತಿಳಕೊಂಡಿರಬೇಕು. ನಿಂತಾಗ ಕಾಲು ಪೆಡಲ್ ಮ್ಯಾಲ ಇಟ್ಟು ಸುಮ್ನ ಅರ್ಧ ಸುತ್ತು ಒತ್ತಿದ್ರೂ ಅದು ಮುಂದ ಜಿಗೀತದ. ಅದಕ್ಕ ನಿಂತಾಗೆಲ್ಲಾ ಒಂದು ಕೈ ಬ್ರೇಕ್ ಮ್ಯಾಲ ಇರಬೇಕು. ತೂಕಾನೂ ಸಾದಾ ಸೈಕಲ್ಲಿಗಿಂತ ಭಾಳ, ವಾಲಿತಂದ್ರ ಕೈಲೆ ತಡೀಲಿಕ್ಕೆ ಹೋಗಬ್ಯಾಡ್ರಿ, ಬಿಟ್ಟು ಸರೀರಿ, ಸೈಕಲ್ಲಿಗೇನಾಗೂದಿಲ್ಲ. ಇಷ್ಟು ಗೊತ್ತಾದ ಮ್ಯಾಲ ಉಳಿದದ್ದೆಲ್ಲಾ ಕಾಲಿಗೆ ನೆನಪದ.

ಅಲ್ಲಿಂದ ಪಿಯದಾದ್ ಅನ್ನೋ ಹಳ್ಳಿ, ಅದರ ಗುಡ್ಡದ ಮ್ಯಾಲ ಚರ್ಚು. ಏರು ಖಡಕ್ ಅದ. ಇಲ್ಲೆ ಮೋಟರಿನ ಖರೇ ಬೆಲಿ ತಿಳೀತು. ಮೂರಕ್ಕ ಹಾಕಿ ತುಳದ್ರ ಅರವತ್ತೊಂದು ವರ್ಷದಾಕಿ ನಮ್ಮೆಲ್ಲಾರಿಗಿಂತ ಮೊದಲ ಮ್ಯಾಲ ಮುಟ್ಟಿದ್ಲು, ಮುಟ್ಟಿ ತಿರುಗಿ ನಿಂತು "ಏ, ಬರ್ರೆ ಬ್ಯಾಗ" ಅಂತ ಒದರಿದ್ಲು. ಮ್ಯಾಲಿಂದ ಹೊಳಿ ಎರಡೂ ಕಡೆ ಕಾಣ್ತದ. ಹಳೇ ಗೋವಾದ ಬಿಳೀ ಚರ್ಚುಗಳು ಗಿಡದೊಳಗಿಂದ ತಲಿ ಎತ್ತಿರ್ತಾವ. ಬಾಜೂಕ ಚೋಡಣ್ ಅನ್ನೋ ಇನ್ನೊಂದು ನಡುಗಡ್ಡಿ, ಸಲೀಂ ಅಲಿ ಅವರ ಹೆಸರಿನ ಪಕ್ಷಿಧಾಮ ಅಲ್ಲೆ ಅದ. ಹಳೇ ಗೋವಾ ದೊಡ್ಡ ಪಟ್ಟಣ ಇದ್ದಾಗ ಪ್ಲೇಗಿನಂಥಾ ಜಡ್ಡು ಬಂದು ಮಂದಿ ಸಾಯ್ಲಿಕ್ಕೆ ಹತ್ತಿದಾಗ ಅಲ್ಲಿಂದ ಎದ್ದು ಎಷ್ಟೋ ಮನಿತನ ಈ ಕಡೆ ದಾಟಿ ಬಂದ್ವಂತ. ಆ ಕಾಲದ ದೊಡ್ಡ ದೊಡ್ಡ ಮನಿಗಳು ಇನ್ನೂ ಅವ, ಮುಂದ ಕಟ್ಟೀ ಇರ್ತದ, ಸಂಜೀಕೆ ಅಲ್ಲೆ ಕೂತು ಓಣಿ ನೋಡೂದು. ನಮ್ಮ ಕಡೆ ಕಟ್ಟಿ ಹಂಗ.

ಈ ಮನಿಗಳ ವಿಷಯದಾಗ ನನಗ ಒಂದು ತಕರಾರು ಅದ. ಗೈಡ್ ಪ್ರತಿಯೊಂದು ಬಣ್ಣದ ಮನಿ ಮುಂದ ನಿಲ್ಲಿಸಿ, "ಮ್ಯಾಡಮ್, ಇಲ್ಲೆ ಫೋಟೋ ಛಲೋ ಬರ್ತದ" ಅಂತಿದ್ದ. ಒಂದು ಮನಿ ಕಟ್ಟಿ ಮ್ಯಾಲ ಮುದುಕಿ ಒಬ್ಬಾಕಿ ಮರದಾಗ ಬ್ಯಾಳಿ ಆರಸ್ಕೋತ ಕೂತಿದ್ಲು. ಅಕಿ ಮನಿ ಅದು. ನಮ್ಮ ಮನಿ ಮುಂದ ದಿನಾ ಹತ್ತು ಮಂದಿ ಬಂದು ಹೆಲ್ಮೆಟ್ ಹಾಕ್ಕೊಂಡು ನಿಂತು ಹಲ್ಲು ಕಿಸದ್ರ ನಾವು ಸುಮ್ನಿರ್ತೀವೇನು? ನಮ್ಮಾಕಿ ಒಬ್ಬಾಕಿ ಫೋನ್ ಒಳಗಿಟ್ಟು ಕೈ ಮುಗಿದ್ಲು, ಮುದುಕೀನೂ ಮುಗಿದ್ಲು, ಬ್ಯಾಳಿ ಯಾವುದಂತ ನಮ್ಮಾಕಿ ಕೇಳಿದ್ಲು ಹಿಂದೀಯೊಳಗ, ಅಕಿ ಕೊಂಕಣಿಯೊಳಗ ಏನೋ ಹೇಳಿದ್ಲು, ಇಬ್ರೂ ನಕ್ರು. ಗೈಡ್ ಗಡಿಯಾರ ನೋಡ್ತಿದ್ದ. ಇಂಥಾ ಟೂರ್ ನಡಸೋರು ಫೋಟೋದ ಜಾಗಾ ಲೆಕ್ಕಾ ಹಾಕಿ ವ್ಯಾಳ್ಯಾ ಹಂಚಿರ್ತಾರ. ಆ ಹಂಚಿಕಿ ಮುರೀಲಿಕ್ಕೆ ನಾವೇ ಬಾಯಿ ಬಿಡಬೇಕು. ರೊಕ್ಕ ಕೊಟ್ಟವ್ರು ನಾವು, ನಿಲ್ಲೂದು ಎಲ್ಲೆ ಅಂತ ಹೇಳೋರೂ ನಾವೇ ಆಗಬೇಕು.

ನಾವು ಬಾಯಿ ಬಿಟ್ವಿ. "ಸಪ್ತಕೋಟೀಶ್ವರನ ಜಾಗಾ ಎಲ್ಲದ?" ಅಂತ ಕೇಳಿದ್ವಿ. ಅದು ದಿನದ ಪಟ್ಟಿಯೊಳಗ ಇರಲಿಲ್ಲ. ಪಾಪ, ಹುಡುಗ ಬ್ಯಾಡ ಅನ್ನಲಿಲ್ಲ, ಕರ್ಕೊಂಡು ಹೋದ. ಗೋವಾ ಕದಂಬರ ಮನಿದೇವ್ರು ಸಪ್ತಕೋಟೀಶ್ವರ. ಅವರ ನಾಣ್ಯದ ಮ್ಯಾಲ ಈ ದೇವ್ರ ಹೆಸರು ಇರ್ತದ. ಗೋವಾ ಕದಂಬರು ಅಂದ್ರ ಯಾರೋ ದೂರದವ್ರಲ್ಲ, ನಮ್ಮ ಖಾನಾಪುರ ತಾಲೂಕಿನ ಹಲಸಿ ಅವರ ರಾಜಧಾನಿ ಆಗಿತ್ತು. ಕಿತ್ತೂರು ಹತ್ರ ದೇಗಾವಿಯೊಳಗ ಕಮಲನಾರಾಯಣ ಗುಡಿ ನೋಡಿರ್ತೀರಿ, ಅದನ್ನ ಕಟ್ಟಿಸಿದ ಕಮಲಾದೇವಿ ಇದ ಮನಿತನದ ರಾಣಿ, ಶಿವಚಿತ್ತ ಪೆರ್ಮಾಡಿಯ ಹೆಂಡತಿ. ಆ ಗುಡಿ ಕಲ್ಲಿನ ಕೆತ್ತನಿ ನೋಡಿದವ್ರಿಗೆ ದಿವಾರಿನ ಗುಡಿ ಹೆಂಗಿದ್ದೀತು ಅಂತ ಸ್ವಲ್ಪ ಕಣ್ಣಿಗೆ ಬರ್ತದ. ದಿವಾರಿನ ಗುಡಿ ಹದಿನಾಲ್ಕನೇ ಶತಮಾನದಾಗ ಬಹಮನಿಯವ್ರ ಕೈಯಾಗ ಹಾಳಾತು. ವಿಜಯನಗರದ ಮಾಧವ ಮಂತ್ರಿ ಮತ್ತ ಕಟ್ಟಿಸಿದ. ಆಮ್ಯಾಲ ಪೋರ್ಚುಗೀಸರು ಕೆಡವಿದ್ರು. ಲಿಂಗವನ್ನ ಭಕ್ತರು ಹೊಳಿ ದಾಟಿಸಿ ನಾರ್ವೆಗೆ ಒಯ್ದು ಇಟ್ಟರು, ಅಲ್ಲಿಯ ಗುಡಿ ಶಿವಾಜಿ ಮಹಾರಾಜರು 1668ರಾಗ ಜೀರ್ಣೋದ್ಧಾರ ಮಾಡಿಸಿದ್ರು. ದಿವಾರಿನ್ಯಾಗ ಉಳಿದದ್ದು ಕೋಟಿತೀರ್ಥ ಅನ್ನೋ ಪುಷ್ಕರಣಿ. ಸುತ್ತಲೂ ಕಲ್ಲಿನ ಮೆಟ್ಟಲಾ, ಗೋಡಿಯೊಳಗ ಗೂಡು. ಪಿಯದಾದ್ ಚರ್ಚಿನ ಸ್ಮಶಾನದ ಸಣ್ಣ ಪ್ರಾರ್ಥನಾಮಂದಿರದ ಛತ್ತಿನೊಳಗ ಕದಂಬರ ಕಾಲದ ಕೆತ್ತನಿ ಇನ್ನೂ ಅದ. ಅದನ್ನೂ ಕೇಳಿದವ್ರಿಗೆ ಮಾತ್ರ ತೋರಸ್ತಾರ. ಅದಕ್ಕ, ಗೈಡ್ ಇರಬೇಕು, ಆದ್ರ ಹೋಗೋವಾಗ ಕೇಳೋ ಪ್ರಶ್ನಿ ಮನಿಯಿಂದ ಕಟ್ಕೊಂಡು ಹೋಗಬೇಕು. ರೊಟ್ಟಿ ಬುತ್ತಿ ಹೆಂಗೂ ಕಟ್ಕೊಂಡು ಹೋಗೇ ಹೋಗ್ತೀವಲ್ಲ.

ಈಗ ಮೂರನೇ ಮಾತು.

ಪುಷ್ಕರಣಿ ನೋಡಿ ವಾಪಸ್ ಬರ್ತ ಹುಡುಗ ನಮ್ಮನ್ನ ಹೊಳಿ ದಂಡಿಗುಂಟ ಒಂದು ಮಣ್ಣಿನ ಒಡ್ಡಿನ ಮ್ಯಾಲ ಕರ್ಕೊಂಡು ಹೋದ. ಇಲ್ಲೆ ಅಪ್ಪನ ಕೈ ಒಂದಕ್ಕ ಇಳಸಬೇಕು, ಮಣ್ಣು ಜಾರ್ತದ. ಒಂದು ಬಾಜೂ ಹೊಳಿ, ಇನ್ನೊಂದು ಬಾಜೂ ಹೊಲ. ನಿಂತು ನೋಡಿದ್ರ ಹೊಳಿ ನೀರು ಮ್ಯಾಲದ, ಹೊಲ ಕೆಳಗದ. ಸಮುದ್ರದ ಭರತಿ ಬಂದಾಗ ಮಾಂಡವಿಯೊಳಗ ಉಪ್ಪು ನೀರು ಹಿಂದಕ್ಕ ಏರಿ ಬರ್ತದ. ಆ ನೀರು ಹೊಲಕ್ಕ ನುಗ್ಗದಂಗ ಹಿರೇರು ಮಣ್ಣು, ಜಂಬಿಟ್ಟಿಗಿ ಕಲ್ಲು ಹಾಕಿ ಒಡ್ಡು ಕಟ್ಯಾರ. ಇಂಥಾ ಭೂಮಿಗೆ ಅಲ್ಲೆ ಖಾಜನ್ ಅಂತಾರ, ನಮ್ಮ ಕುಮಟಾ ಕಡೆ ಅಘನಾಶಿನಿ ದಂಡಿಗೆ ಗಜನಿ ಅಂತಾರಲ್ಲ, ಅದ. ಒಡ್ಡಿನೊಳಗ ಒಂದು ತೂಬು, ತೂಬಿಗೆ ಕಟ್ಟಿಗಿ ಬಾಗಲಾ. ಅದನ್ನ ನೋಡ್ಕೋತ ನಾವು ಇಪ್ಪತ್ತು ನಿಮಿಷ ನಿಂತ್ವಿ. ಭರತಿ ಬಂದ್ರ ಹೊಳಿ ನೀರೇ ಆ ಬಾಗಲಾ ಒತ್ತಿ ಮುಚ್ಚತದ. ಇಳಿತ ಆದ್ರ ಹೊಲದ ನೀರು ಒಳಗಿಂದ ನೂಕಿ ತಗೀತದ. ಯಾರೂ ನಿಂತು ತಗದು ಹಾಕಬೇಕಿಲ್ಲ. ಕರೆಂಟ್ ಇಲ್ಲ, ಮೋಟರ್ ಇಲ್ಲ. ನೂರಾರು ವರ್ಷದಿಂದ ದಿನಕ್ಕ ಎರಡು ಸಲ ಹಿಂಗ ನಡದದ. ಮಳಿಗಾಲದಾಗ ಮಳಿ ನೀರು ಹೊಲದ ಉಪ್ಪು ತೊಳೀತದ, ಆಮ್ಯಾಲ ಕೊರ್ಗುಟ್ ಅನ್ನೋ ಭತ್ತ ಹಾಕ್ತಾರ, ಸ್ವಲ್ಪ ಉಪ್ಪು ಇದ್ರೂ ತಡೀತದ. ನಮ್ಮ ಕಗ್ಗದ ತಂಗಿ ಇದ್ದಂಗ. ಸುಗ್ಗಿ ಆದ ಮ್ಯಾಲ ಅದ ನೀರಿನ್ಯಾಗ ಮೀನು, ಸೀಗಡಿ.

ಹುಡುಗ ಕೇಳಿದ, "ನೀವು ಎಲ್ಲಿಯವ್ರು?" ಧಾರವಾಡ ಅಂದ್ವಿ. ಅಂವ ನಕ್ಕು ಗಪ್ಪಾದ. ಆ ನಗಿ ಏನಂತ ನಾಕೂ ಮಂದಿಗೆ ತಿಳೀತು.

ಈ ಮಾಂಡವಿ ಯಾವುದಂತೀರಿ? ನಮ್ಮ ಮಹದಾಯಿ. ಖಾನಾಪುರದ ಭೀಮಗಡದ ಅಡವಿಯೊಳಗ ಹುಟ್ಟಿ ಘಟ್ಟ ಇಳದು ಇಲ್ಲೆ ಬಂದು ಇಷ್ಟು ಅಗಲ ಆಗ್ಯದ. ಕಳಸಾ, ಬಂಡೂರಿ ಅಂತ ನಾವು ದಿನಾ ಪೇಪರಿನ್ಯಾಗ ಓದೂದು ಇದರ ಹಳ್ಳಗಳು. ಅವನ್ನ ಮಲಪ್ರಭಾಕ್ಕ ತಿರುಗಿಸಿದ್ರ ಹುಬ್ಬಳ್ಳಿ-ಧಾರವಾಡಕ್ಕ ಕುಡಿಯೋ ನೀರು. ನರಗುಂದ, ನವಲಗುಂದದ ರೈತರು 2015ರ ಜುಲೈದಿಂದ ಎಷ್ಟು ದಿನ ಮಂಟಪದಾಗ ಕೂತ್ರು, ಗೊತ್ತದ. ನ್ಯಾಯಮಂಡಳಿ 2018ರ ಆಗಸ್ಟ್‌ದಾಗ ಕರ್ನಾಟಕಕ್ಕ ಒಟ್ಟು 13.42 ಟಿಎಂಸಿ ಅಂತು, ಅದರಾಗ ಮಲಪ್ರಭಾಕ್ಕ ತಿರುಗಿಸೂದು 3.9, ಕಳಸಾದಿಂದ 1.72, ಬಂಡೂರಿಯಿಂದ 2.18. ಗೋವಾಕ್ಕ 24. ಮೂರೂ ರಾಜ್ಯದವ್ರಿಗೂ ಸಮಾಧಾನ ಇಲ್ಲ, ಎಲ್ಲಾರೂ ಸುಪ್ರೀಂ ಕೋರ್ಟಿಗೆ ಹೋದ್ರು.

ನಮ್ಮ ಓಣಿಗೆ ನಳಾ ಎಂಟು ದಿನಕ್ಕೊಮ್ಮೆ ಬಂದ ದಿನಗಳು ಅವ. ರಾತ್ರಿ ಎರಡಕ್ಕ ಎದ್ದು ಕೊಡಾ ತುಂಬಿದವ್ರು ನಾವು, ಗಂಡಸರಲ್ಲ. ಹಂಗಾಗಿ ಆ 3.9 ಟಿಎಂಸಿ ನಮಗ ಬರಬೇಕು ಅನ್ನೂದ್ರಾಗ ನನಗ ಎಳ್ಳಷ್ಟೂ ಸಂಶಯ ಇಲ್ಲ. ಕುಡಿಯೋ ನೀರು ಕೇಳೂದು ತಪ್ಪಲ್ಲ. ಆದ್ರ ನಮ್ಮ ಕಡೆ ಭಾಷಣದಾಗ ಒಂದು ಮಾತು ಹೇಳ್ತಾರಲ್ಲ, "ನೀರು ಸುಮ್ನ ಸಮುದ್ರಕ್ಕ ಹರದು ಹಾಳಾಗ್ತದ" ಅಂತ, ಆ ಒಡ್ಡಿನ ಮ್ಯಾಲ ನಿಂತು ಆ ಮಾತು ಹೇಳಿ ತೋರಸ್ರಿ ನೋಡೂಣು. ಘಟ್ಟದಿಂದ ಇಳದು ಬರೋ ಸಿಹಿ ನೀರು ಸಮುದ್ರದ ಉಪ್ಪನ್ನ ಹಿಂದಕ್ಕ ನೂಕಿ ಹಿಡೀತದ. ಬ್ಯಾಸಗಿಯೊಳಗ ಸಿಹಿ ನೀರು ಕಡಿಮಿ ಆತಂದ್ರ ಉಪ್ಪು ಹೊಳಿಯೊಳಗ ಭಾಳ ದೂರ ಮ್ಯಾಲ ಏರ್ತದ. ಮಳಿ ನೀರು ಹೊಲ ತೊಳದ ಮ್ಯಾಲ ಆ ಭತ್ತ, ಅರ್ಧ ಉಪ್ಪು ಅರ್ಧ ಸಿಹಿ ನೀರು ಬೇಡೋ ಆ ಸೀಗಡಿ, ಆ ಕಾಂಡ್ಲಾ ಗಿಡ, ಎಲ್ಲಾ ಈ ಅಳತಿ ಮ್ಯಾಲ ನಿಂತಾವ. ಸಮುದ್ರ ಮುಟ್ಟೋ ಮೊದಲು ಹೊಳಿ ಮಾಡಬೇಕಾದ ಕೆಲಸ ಭಾಳ ಇರ್ತದ, ಅದು ಹಾಳಲ್ಲ. ನಮ್ಮ ಪಾಲು ಕೇಳಲಿಕ್ಕೆ ನಮ್ಮ ಒಣಗಿದ ನಳಾ ಸಾಕು, ಮಲಪ್ರಭಾದ ಖಾಲಿ ತಳಾ ಸಾಕು. ಇನ್ನೊಬ್ಬರ ಹೊಳಿಗೆ ಕೆಲಸಾ ಇಲ್ಲ ಅನ್ನೋ ಮಾತು ಅದಕ್ಕ ಬೇಕಾಗಿಲ್ಲ.

ಗೋವಾದವ್ರು ಎಲ್ಲಾ ಸರಿ ಅಂತಲ್ಲ ಮತ್ತ. ಅದಿರು ತುಂಬಿದ ಬಾರ್ಜುಗಳು ಹೊಳಿಯೊಳಗ ಓಡಾಡಿ ಅವುಗಳ ತೆರಿ ಬಡದು ಎಷ್ಟೋ ಒಡ್ಡು ಕುಸದಾವ. ಒಡ್ಡು ನೋಡ್ಕೊಳ್ಳೋ ಊರವ್ರ ಹಳೇ ಪದ್ಧತಿ ಸಡ್ಲಾಗ್ಯದ. ಒಡ್ಡು ಒಡದ ಕಡೆ ಉಪ್ಪು ನೀರು ನುಗ್ಗಿ ಹೊಲದಾಗ ಕಾಂಡ್ಲಾ ಬೆಳದು ನಿಂತದ, ನಾವೇ ನೋಡಿದ್ವಿ. ದುಡಿಯೋ ಹುಡುಗರು ಹೊರದೇಶಕ್ಕ, ಹಡಗಿಗೆ ಹೋಗ್ಯಾರ, ಹೊಲ ಬೀಳು ಬಿದ್ದಾವ. ಇದನ್ನ ನಾವು ಮಾಡಿಲ್ಲ. ಆ ಹುಡುಗಗ ಇಷ್ಟನ್ನೂ ಹೇಳಿದೆ, ನನ್ನ ಹರಕು ಹಿಂದೀಯೊಳಗ. "ನಮ್ಮ ಮನ್ಯಾಗ ಎಂಟು ದಿನಕ್ಕೊಮ್ಮೆ ನೀರು ಬರ್ತಿತ್ತಪ್ಪಾ" ಅಂದೆ. ಅಂವಗ ಅದು ಗೊತ್ತಿರಲಿಲ್ಲ. "ಎಂಟು ದಿನ?" ಅಂತ ಎರಡು ಸಲ ಕೇಳಿದ. ಟಿವಿಯೊಳಗ ಎರಡೂ ಕಡೆಯವ್ರು ಇಷ್ಟು ವರ್ಷ ಒದರ್ಯಾರ, ಇದನ್ನ ಮಾತ್ರ ಯಾರೂ ಯಾರಿಗೂ ಹೇಳಿಲ್ಲ ಅನಿಸ್ತದ. ಕಾರಿನ್ಯಾಗ ಹೋಗಿದ್ರ ಆ ಒಡ್ಡಿನ ಮ್ಯಾಲ ಹೋಗ್ತಿರಲಿಲ್ಲ, ಕಾರು ಹೋಗೋ ಅಗಲಾನೂ ಅದಕ್ಕಿಲ್ಲ. ಗೈಡ್ ಇರದಿದ್ರ ತೂಬಿನ ಬಾಗಲಾ ಏನೋ ಹಳೇ ಕಟ್ಟಿಗಿ ಅಂತ ದಾಟಿ ಬರ್ತಿದ್ವಿ. ಅದಕ್ಕ ಹೇಳೂದು, ಇಂಥಾ ಟೂರಿಗೆ ಕೊಡೋ ರೊಕ್ಕದಾಗ ಅರ್ಧ ಸೈಕಲ್ಲಿಗೆ, ಅರ್ಧ ಆ ಊರಿನ ಹುಡುಗನ ಬಾಯಿಗೆ ಅಂತ ತಿಳೀರಿ. ಹೊರಗಿನ ಗೈಡ್ ಆದ್ರ ಬಣ್ಣದ ಮನಿ ತೋರಿಸ್ಯಾನು, ತೂಬು ತೋರಸೂದಿಲ್ಲ. ನಡಸೋರು ಊರಿನ ಹುಡುಗ ಹುಡುಗ್ಯಾರಿಗೇ ಈ ಕೆಲಸಾ ಕೊಡಬೇಕು, ಒಡ್ಡು ಮತ್ತ ಪುಷ್ಕರಣಿ ಪಟ್ಟಿಯೊಳಗ ಇರಬೇಕು, ಫೋಟೋ ಜಾಗಾ ಎರಡು ಕಡಿಮಿ ಆದ್ರ ಯಾರೂ ಸಾಯೂದಿಲ್ಲ.

ನಮ್ಮಂಥಾ ಹೆಣ್ಮಕ್ಕಳು ಹೋಗೋ ಮೊದಲು ಫೋನ್ ಮಾಡಿ ಕೇಳಬೇಕಾದ್ದು ಕೆಲವು ಅವ. ನಡುವ ಅಡ್ಡ ಪೈಪು ಇಲ್ಲದ ಸೈಕಲ್ ಅವನೋ ಇಲ್ಲೋ ಕೇಳ್ರಿ, ಕಾಲು ಹಿಂದಿಂದ ಎತ್ತಿ ಹಾಕೂದು ನಮ್ಮ ಕೈಲೆ ಆಗೂದಿಲ್ಲ. ಸೀಟು ಎಷ್ಟು ಕೆಳಗ ಇಳೀತದ ಕೇಳ್ರಿ, ಕೂತಾಗ ಎರಡೂ ಪಾದ ನೆಲಕ್ಕ ಮುಟ್ಟಬೇಕು, ಚಂದ ಕಾಣೂದಿಲ್ಲ ಅಂದ್ರೂ ಮುಟ್ಟಬೇಕು. ಮುಂದ ಒಬ್ಬ ಗೈಡ್ ಇದ್ರ ಸಾಲೂದಿಲ್ಲ, ಎಲ್ಲಾರಕಿಂತ ಹಿಂದ ಇನ್ನೊಬ್ಬ ಇರಬೇಕು. ಹಿಂದ ಬಿದ್ದಾಕಿ ಗಾಬರಿಯಾಗಿ ಜೋರು ತುಳದಾಗನ ಬೀಳೂದು. ಪಂಜಾಬಿ ಡ್ರೆಸ್ ಹಾಕ್ಕೊಳ್ಳಿ, ಚುನ್ನಿ ಮನ್ಯಾಗ ಬಿಡ್ರಿ, ಅಗಲ ಪ್ಯಾಂಟಿನ ಬಲಗಾಲಿಗೆ ರಬ್ಬರ್ ಹಾಕ್ರಿ, ಚೈನು ನುಂಗ್ತದ. ಮುಂಜಾನೆ ಏಳರ ಒಳಗ ಫೆರಿ ಹತ್ರಿ, ಹನ್ನೊಂದಾದ್ರ ಬಿಸಲು ತಡಿಯೂದಿಲ್ಲ. ಬರೇ ಸಸ್ಯಾಹಾರ ಉಣ್ಣೋರಿಗೆ ಅಲ್ಲೆ ಸಿಗೂದು ಕಷ್ಟ, ನಾವು ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಒಯ್ದಿದ್ವಿ, ಗೈಡ್ ಹುಡುಗನೂ ಎರಡು ರೊಟ್ಟಿ ತಿಂದ. ಚಟ್ನಿ ಅಂವಗ ಖಾರ ಆತು, ಹೊಳಿ ದಂಡಿಗೆ ಕೂತು ಅರ್ಧ ಬಾಟ್ಲಿ ನೀರು ಕುಡದ.

ಆಗಸ್ಟ್ ತಿಂಗಳ ನಾಲ್ಕನೇ ಶನಿವಾರ ಬೊಂದೆರಾಂ ಅಂತ ದಿವಾರಿನ್ಯಾಗ ದೊಡ್ಡ ಹಬ್ಬ. ಹಿಂದಕ ಓಣಿ ಓಣಿಯವ್ರು ಗಡಿ ಸಲುವಾಗಿ ಬಡದಾಡ್ತಿದ್ರು, ಪೋರ್ಚುಗೀಸರು ಗಡಿಗೆ ಝೇಂಡಾ ನೆಡಿಸಿದ್ರು, ಅದ ಈಗ ಬಣ್ಣದ ಝೇಂಡಾದ ಮೆರವಣಿಗಿ ಆಗ್ಯದ. ನೋಡಲಿಕ್ಕೆ ಛಲೋ, ಆದ್ರ ಅವತ್ತು ಫೆರಿಯೊಳಗ ಕಾಲಿಡ್ಲಿಕ್ಕೆ ಜಾಗಾ ಇರೂದಿಲ್ಲ, ಸೈಕಲ್ಲಿನ ಮಾತು ಮರೀರಿ. ನವೆಂಬರದಿಂದ ಫೆಬ್ರುವರಿ ತನಕ ಹೋಗ್ರಿ. ಮತ್ತ ಹೋಗೋ ದಾರಿಯೊಳಗ ಹಲಸಿಗೊಂದು ಅರ್ಧ ದಿನ ಇಟ್ಕೊಂಡು, ಅಲ್ಲಿಯ ಭೂವರಾಹ ನರಸಿಂಹ ಗುಡಿ ನೋಡೇ ಘಟ್ಟ ಇಳೀರಿ.